ಟೈಮಿಂಗ್‌ಗೆ ಕೈ ಹಾಕುವ ಮುಂಚೆ

ಹೊಸೂರಿನ ನಮ್ಮ ಚರ್ಮದ ಹೊಲಿಗೆ ಮಿಷನ್ ರಿಪೇರಿ ಅಂಗಡಿಗೆ ಬರುವ ದೂರು ಒಂದೇ, ಅದು ಬರುವ ಭಾಷೆ ಮಾತ್ರ ಮೂರು. ತಳಿ, ಡೆಂಕಣಿಕೋಟೆ ಕಡೆಯವರು ಸೂಜಿ ಅನ್ನುತ್ತಾರೆ. ಬೇರಿಕೆ ಕಡೆಯ ತೆಲುಗು ಗಿರಾಕಿಗಳು ಸೂದಿ ಅನ್ನುತ್ತಾರೆ. ಆಂಬೂರಿನಿಂದ ಹಳೇ ಮಿಷನ್ ಹೇರಿಕೊಂಡು ಬರುವ ಟೆಂಪೋದವನಿಗೆ ಅದು ಊಸಿ. ಕೊನೆಗೆ ಎಲ್ಲರೂ ಹೇಳುವುದು ಒಂದೇ ಮಾತು: "ಹೊಲಿಗೆ ಎಗರುತ್ತೆ. ಟೈಮಿಂಗ್ ಹೋಗಿದೆ, ಸರಿ ಮಾಡಿಕೊಡಿ."

ಟೈಮಿಂಗ್ ಅಂದರೆ ಸೂಜಿಯೂ ಅದರ ದಾರವನ್ನು ಕೆಳಗೆ ಹಿಡಿಯುವ ಹುಕ್ಕೂ ಕೂಡುವ ಹೊತ್ತು. ಈ ಪದ ಅದು ಹೇಗೋ ಎಲ್ಲರ ಬಾಯಿಗೂ ಬಂದುಬಿಟ್ಟಿದೆ. ಮೈ ಬಿಸಿಯಾದರೆ ಸಾಕು, ಟೈಫಾಯ್ಡೇ ಇರಬೇಕು ಅನ್ನುವ ಹಾಗೆ. ನಾನೂ ಹಾಗೇ ನಂಬಿ ಒಮ್ಮೆ ಕೈ ಸುಟ್ಟುಕೊಂಡವನು. ಡೆಂಕಣಿಕೋಟೆಯವರೊಬ್ಬರು ಗುಜರಿ ಮಾಲಿನಲ್ಲಿ ಒಂದು ಫಾಫ್ 545 ತಂದಿದ್ದರು. ಜರ್ಮನಿಯದು, ಬ್ಯಾಗು, ಬೆಲ್ಟು, ಲಾರಿ ಸೀಟು ಏನು ಕೊಟ್ಟರೂ ಹೊಲಿಯುವ ಗಟ್ಟಿ ಪಿಂಡ. ಹತ್ತು ಹೊಲಿಗೆಗೆ ಎರಡು ಎಗರುತ್ತಿತ್ತು. ನಾನು ನೇರವಾಗಿ ಸೂಜಿ ಇಳಿಯುವ ತಟ್ಟೆ ಬಿಚ್ಚಿ, ಹುಕ್ಕಿನ ಸ್ಕ್ರೂ ಸಡಿಲ ಮಾಡಿ, ಎರಡು ದಿನ ಅದನ್ನು ಆ ಕಡೆ ಈ ಕಡೆ ತಿರುಗಿಸಿದೆ. ಒಮ್ಮೆ ಹತ್ತಕ್ಕೆ ಒಂದು ಎಗರಿತು, ಒಮ್ಮೆ ಐದು. ಮೂರನೆಯ ದಿನ, ರಾಣಿಪೇಟೆಯ ಫ್ಯಾಕ್ಟರಿಗಳಲ್ಲಿ ಆಯುಷ್ಯ ಸವೆಸಿದ ಹಿರಿಯ ಮೆಕ್ಯಾನಿಕ್ ಒಬ್ಬರು ಟೀ ಕುಡಿಯಲು ಬಂದವರು, ಸೂಜಿ ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಕೇಳಿದರು: "ತಂಬಿ, ಇದು ಯಾವ ಸೂಜಿ?"

ಡಬ್ಬಿ ನೋಡಿದೆ. 135×17. ಆ ಮಿಷನ್ನಿಗೆ ಬೇಕಾದ್ದು 134-35. ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ, ಉದ್ದ ಮಾತ್ರ ಬೇರೆ. ಸರಿಯಾದ ಸೂಜಿ ಹಾಕಿದರೂ ಹೊಲಿಗೆ ಬೀಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಟೈಮಿಂಗನ್ನು ನಾನೇ ಕೆಡಿಸಿ ಕೂತಿದ್ದೆ. ಅದನ್ನು ಮತ್ತೆ ಸರಿ ಮಾಡಲು ಇನ್ನೊಂದು ದಿನ ಹಿಡಿಯಿತು. ಗಿರಾಕಿಯ ಹತ್ತಿರ ಸೂಜಿಯ ದುಡ್ಡು ಮಾತ್ರ ತೆಗೆದುಕೊಂಡೆ.

ಅವತ್ತಿನಿಂದ ನನ್ನ ಕ್ರಮ ಬದಲಾಗಿದೆ: ಮೊದಲು ಸೂಜಿ, ಆಮೇಲೆ ದಾರ, ಆಮೇಲೆ ಚರ್ಮವನ್ನು ಒತ್ತಿ ಹಿಡಿಯುವ ಪಾದದ ಒತ್ತಡ, ಆಮೇಲೆ ಕೀಲುಗಳ ಸವೆತ. ಟೈಮಿಂಗ್ ಕಟ್ಟಕಡೆಗೆ. ಹೀಗೇ ಯಾಕೆ ಅನ್ನುವುದು ಅರ್ಥವಾಗಬೇಕಾದರೆ ಹೊಲಿಗೆ ಬೀಳುವುದು ಹೇಗೆ ಅಂತ ಒಮ್ಮೆ ಹತ್ತಿರದಿಂದ ನೋಡಬೇಕು. ಅದಕ್ಕೂ ಮುಂಚೆ ಮಿಷನ್ನುಗಳ ಪರಿಚಯ ಸ್ವಲ್ಪ.

ಪಾಲಾರ್ ನದಿಯ ಉದ್ದಕ್ಕೆ ಇರುವ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಚರ್ಮದ ಊರುಗಳು. ಅಲ್ಲಿನ ಶೂ ಫ್ಯಾಕ್ಟರಿಗಳು ಹೊಸ ಮಿಷನ್ ತಂದಾಗಲೆಲ್ಲ ಹಳೆಯವು ಹೊರಗೆ ಬೀಳುತ್ತವೆ. ಅವುಗಳಲ್ಲಿ ಒಂದಷ್ಟು ಕೃಷ್ಣಗಿರಿ ದಾಟಿ ನಮ್ಮ ಕಡೆಗೂ ಬರುತ್ತವೆ. ಫಾಫ್, ಆಡ್ಲರ್, ಜಪಾನಿನ ಜೂಕಿ ಎಲ್ಲ ಹೀಗೆ ಬಂದವು. ಸಿಂಗರ್ 29ಕೆ ಕಥೆ ಬೇರೆ. ಅದು ಚಪ್ಪಲಿ ರಿಪೇರಿಯವರ ಮಿಷನ್, ಎಷ್ಟೋ ಕಡೆ ತಾತನಿಂದ ಮೊಮ್ಮಗನಿಗೆ ಬಂದಿರುತ್ತದೆ. ಉದ್ದನೆಯ ಸಪೂರ ತೋಳು, ಬದಿಯಲ್ಲಿ ಹಿಡಿಯಿರುವ ದೊಡ್ಡ ಚಕ್ರ. ಬೂಟಿನ ಒಳಗೆ, ಬ್ಯಾಗಿನ ಮೂಲೆಗೆ ಆ ತೋಳು ನುಗ್ಗುತ್ತದೆ. ಅದರ ಪಾದ ಸುತ್ತಲೂ ತಿರುಗುತ್ತದೆ, ಚರ್ಮವನ್ನು ಅಲುಗಿಸದೆ ಯಾವ ದಿಕ್ಕಿಗೆ ಬೇಕಾದರೂ ಹೊಲಿಗೆ ತಿರುಗಿಸಬಹುದು. ಹೆಸರಿನಲ್ಲಿರುವ ಕೆ ಅಂದರೆ ಕಿಲ್‌ಬೋವಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಲ್ಲಿ ಸಿಂಗರ್ ಕಂಪನಿ 1885ರ ಹೊತ್ತಿಗೆ ನಡೆಸತೊಡಗಿದ ಕಾರ್ಖಾನೆಯ ಜಾಗ ಅದು. 1980ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಪಕ್ಕದ ರೈಲ್ವೆ ಸ್ಟೇಷನ್ನಿಗೆ ಇವತ್ತಿಗೂ ಸಿಂಗರ್ ಅಂತಲೇ ಹೆಸರು. ಮಿಷನ್ ಮೈಮೇಲೆ ಕೊರೆದ ನಂಬರು ಇಂಗ್ಲಿಷಿನ ವೈ ಅಕ್ಷರದಿಂದ ಶುರುವಾದರೆ ಅದು 1920-30ರ ದಶಕಗಳದ್ದು. ಇ ಜೊತೆ ಇನ್ನೊಂದು ಅಕ್ಷರ ಇದ್ದರೆ ಅಲ್ಲಿಂದ ಈಚಿನದು. ಗಿರಾಕಿಗಳಿಗೆ ಇದನ್ನು ಹೇಳಿದರೆ ಖುಷಿ. "ನಮ್ಮಪ್ಪನಿಗಿಂತ ದೊಡ್ಡದು ಬಿಡಣ್ಣ" ಅಂತ ಚಕ್ರ ಸವರುತ್ತಾರೆ.

ಇನ್ನು ಹೊಲಿಗೆ. ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂದೆ ಇರುತ್ತದೆ, ಮಿಷನ್ ಸೂಜಿಗೆ ಮುಂದೆ, ಮೊನೆಯ ಹತ್ತಿರ. ಅಂಥ ಸೂಜಿ ಮೇಲೆ, ದಾರ ಹೊತ್ತ ಶಟಲ್ ಕೆಳಗೆ. ಈ ಜೋಡಿಗೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ. ಮೂಲ ಉಪಾಯ ಇವತ್ತಿಗೂ ಅದೇ. ಮೇಲಿನ ದಾರ ಕೆಳಗಿಳಿದು, ಕೆಳಗಿನ ದಾರವನ್ನು ತಬ್ಬಿಕೊಂಡು, ಮತ್ತೆ ಮೇಲೆ ಹೋಗುತ್ತದೆ. ತಬ್ಬುಗೆಯ ಗಂಟು ಚರ್ಮದ ದಪ್ಪದ ನಡುವೆ ಅಡಗಿ ಕೂರಬೇಕು.

ಒಂದು ಕೆಲಸ ಮಾಡಿ. ಕೆಳಗಿನದು ಕಾಣುವಂತೆ ಪಕ್ಕದ ಮುಚ್ಚಳ ತೆಗೆದು, ಚರ್ಮದ ತುಂಡಿಟ್ಟು, ದಾರ ಹಾಕಿದ ಮಿಷನ್ನಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸೂಜಿ ಪೂರ್ತಿ ಕೆಳಗೆ ಬಂತು. ಆಗ ಏನೂ ಆಗುವುದಿಲ್ಲ. ಅಲ್ಲಿಂದ ಅದು ಎರಡು, ಎರಡೂವರೆ ಮಿ.ಮೀ. ಮೇಲೇಳುತ್ತಿದ್ದಂತೆ ನೋಡಿ, ಸೂಜಿಯ ಒಂದು ಪಕ್ಕದಲ್ಲಿ ದಾರ ಸಣ್ಣಗೆ ಉಬ್ಬುತ್ತದೆ. ಸೂಜಿಗೆ ಒಂದು ಕಡೆ ಉದ್ದಕ್ಕೆ ಗಾಡಿ, ಅಂದರೆ ಕೊರೆದ ಸಣ್ಣ ಕಾಲುವೆ, ಇದೆ, ಆ ಕಡೆಯ ದಾರ ಗಾಡಿಯೊಳಗೆ ಅಡಗಿ ಸೂಜಿ ಜೊತೆ ಸಲೀಸಾಗಿ ಓಡಾಡುತ್ತದೆ. ಇನ್ನೊಂದು ಕಡೆ ಅಷ್ಟು ಗಾಡಿ ಇಲ್ಲ, ದಾರ ಚರ್ಮಕ್ಕೂ ಸೂಜಿಗೂ ನಡುವೆ ಇರುಕಿಕೊಳ್ಳುತ್ತದೆ. ಸೂಜಿ ಮೇಲೆ ಹೊರಟರೂ ಆ ಕಡೆಯ ದಾರ ಬರಲೊಲ್ಲದು. ಬರಲಾಗದ ದಾರ ಉಬ್ಬಿ ಕುಣಿಕೆಯಾಗುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಶಟಲ್ಲಿನ ಅಥವಾ ಹುಕ್ಕಿನ ಕೊಕ್ಕು ಬಂದು, ಸೂಜಿಯ ಕಣ್ಣಿನಿಂದ ಒಂದೂವರೆ ಎರಡು ಮಿ.ಮೀ. ಮೇಲೆ, ಆ ಕುಣಿಕೆಯೊಳಗೆ ತೂರಬೇಕು. ತೂರಿದರೆ ಹೊಲಿಗೆ ಬಿತ್ತು, ಇಲ್ಲವಾದರೆ ಎಗರಿತು.

ಟೈಮಿಂಗ್ ಅಂದರೆ ಕೊಕ್ಕು ಆ ಕುಣಿಕೆಯನ್ನು ಸೇರುವ ಹೊತ್ತು. ಹೊತ್ತು ತಪ್ಪದಿದ್ದರೂ ಕುಣಿಕೆಯೇ ಆಗದಿದ್ದರೆ? ಆದ ಕುಣಿಕೆ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ? ಮದುವೆ ಗಂಡು ಮುಹೂರ್ತಕ್ಕೆ ಸರಿಯಾಗಿ ಬಂದು, ಹೆಣ್ಣಿನ ಕಡೆಯವರು ಬೇರೆ ಛತ್ರದಲ್ಲಿ ಕೂತ ಹಾಗೆ. ನೂರಕ್ಕೆ ಎಂಬತ್ತು ಅನ್ನುವ ಹಾಗೆ ಲೆಕ್ಕ ಕೊಡಲಾರೆ, ನನ್ನ ಬೆಂಚಿನ ಮೇಲಂತೂ ಹೆಚ್ಚಿನವು ಈ ಛತ್ರ ತಪ್ಪಿದ ಕೇಸುಗಳೇ.

ಸೂಜಿಯಿಂದ ಶುರು ಮಾಡೋಣ. ಡಬ್ಬಿಯ ಮೇಲೆ ಎರಡು ಬಗೆಯ ನಂಬರು ಇರುತ್ತದೆ. 135×17, 134-35, 29×4 ಇವೆಲ್ಲ ಜಾತಿ, ಅಂದರೆ ಹಿಡಿಯ ದಪ್ಪ, ಕಣ್ಣಿನವರೆಗಿನ ಉದ್ದ. ಇದು ಮಿಷನ್ನಿಗೆ ತಕ್ಕಂತೆ ಖಾಯಂ, ಬದಲಾಯಿಸುವ ಹಾಗಿಲ್ಲ. ಸಿಂಗರ್ 29ಕೆಗೆ ಬೇಕಾದ್ದು 29×3 ಅಥವಾ 29×4, ಮೊದಲನೆಯದು ಬಟ್ಟೆಯ ಮೊನೆ, ಎರಡನೆಯದು ಚರ್ಮದ ಮೊನೆ. ಈಗ ಅಂಗಡಿಗಳಲ್ಲಿ 332 ಅನ್ನುವ ಹೆಸರಲ್ಲೂ ಸಿಗುತ್ತದೆ. ಇನ್ನೊಂದು ನಂಬರು ಸೂಜಿಯ ದಪ್ಪ: 110, 140, 160 ಹೀಗೆ. ಇದು ಮಿ.ಮೀ.ನ ನೂರನೇ ಪಾಲು, 140 ಅಂದರೆ 1.4 ಮಿ.ಮೀ. ಇದನ್ನೇ ಹಳೆಯ ಲೆಕ್ಕದಲ್ಲಿ 22 ಅನ್ನುತ್ತಾರೆ, ಡಬ್ಬಿಯಲ್ಲಿ 140/22 ಅಂತ ಎರಡೂ ಇರುತ್ತದೆ. ದಪ್ಪ ಹೋಗುವುದು ದಾರದ ಮೇಲೆ. ದಾರದ ಅಳತೆ ಟೆಕ್ಸ್, ನಂಬರು ಹೆಚ್ಚಿದಷ್ಟೂ ದಾರ ದಪ್ಪ. 70 ಟೆಕ್ಸ್ ದಾರಕ್ಕೆ 110, 90 ಟೆಕ್ಸ್‌ಗೆ 120 ಅಥವಾ 125, 135 ಟೆಕ್ಸ್‌ಗೆ 140ರಿಂದ 160. ದಪ್ಪ ದಾರವನ್ನು ಸಪೂರ ಸೂಜಿಗೆ ಹಾಕಿದರೆ ಅದು ಗಾಡಿಯಲ್ಲಿ ಕೂರುವುದಿಲ್ಲ, ಎರಡೂ ಕಡೆ ಇರುಕಿ ಕುಣಿಕೆಯೇ ಏಳುವುದಿಲ್ಲ. ಸಪೂರ ದಾರವನ್ನು ದಪ್ಪ ಸೂಜಿಗೆ ಹಾಕಿದರೆ ತೂತು ದೊಡ್ಡದಾಗಿ, ಇರುಕುವ ಹಿಡಿತವೇ ಇಲ್ಲದೆ, ದಾರ ಸೂಜಿಯ ಜೊತೆ ಮೇಲೆ ಹೋಗಿಬಿಡುತ್ತದೆ. ತೂತಿನ ವಿಷಯದಲ್ಲಿ ಚರ್ಮ ಕ್ಷಮಿಸುವುದಿಲ್ಲ. ಬಟ್ಟೆಯಲ್ಲಿ ನೂಲು ಸರಿದು ತೂತು ಮುಚ್ಚಿಕೊಳ್ಳುತ್ತದೆ. ಚರ್ಮದ ಮೊನೆಯ ಸೂಜಿ ಕತ್ತರಿಸಿಕೊಂಡೇ ಹೋಗುತ್ತದೆ, ಬಿದ್ದ ತೂತು ಬಿದ್ದ ಹಾಗೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದು ಹೊಳೆಯಲು ನನಗೆ ವರ್ಷಗಳು ಬೇಕಾದವು. ಕೊಕ್ಕು ಮತ್ತು ಸೂಜಿಯ ನಡುವಿನ ಸಂದು 0.1 ಮಿ.ಮೀ. ಮೀರಬಾರದು. ಅಂದಾಜಿಗೆ ಒಂದು ಝೆರಾಕ್ಸ್ ಹಾಳೆಯ ದಪ್ಪ. ಈಗ ಲೆಕ್ಕ ಹಾಕಿ: 160ರ ಸೂಜಿಗೆ ಹೊಂದಿಸಿದ ಮಿಷನ್ನಿಗೆ 120ರ ಸೂಜಿ ಹಾಕಿದರೆ ಒಂದೊಂದು ಪಕ್ಕಕ್ಕೆ 0.2 ಮಿ.ಮೀ. ಸಪೂರವಾಯಿತು. ಎರಡು ಹಾಳೆಯಷ್ಟು ಸಂದು ಹೆಚ್ಚಿತು. "ದಪ್ಪ ದಾರದಲ್ಲಿ ಚೆನ್ನಾಗಿ ಹೊಲಿಯುತ್ತೆ, ಸಣ್ಣ ದಾರ ಹಾಕಿದರೆ ಎಗರುತ್ತೆ" ಅನ್ನುವ ದೂರಿನ ಮರ್ಮ ಇದು. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಒಂದೇ ಮಿಷನ್ನಿನಲ್ಲಿ ಪರ್ಸೂ ಹೊಲಿಯಬೇಕು, ಎತ್ತಿನ ಗೆಜ್ಜೆಪಟ್ಟಿಯೂ ಹೊಲಿಯಬೇಕು ಅನ್ನುವವರಿಗೆ ನಾನು 140ಕ್ಕೆ ಹೊಂದಿಸಿ ಕೊಟ್ಟು, ಒಂದು ಮೆಟ್ಟಿಲು ಮೇಲೆ ಕೆಳಗೆ ಆಡಿಕೊಳ್ಳಿ ಅನ್ನುತ್ತೇನೆ.

ಆಮೇಲೆ ಪಾದದ ಒತ್ತಡ. ಚರ್ಮ ಸೂಜಿಯನ್ನು ಹಿಡಿದುಕೊಳ್ಳುತ್ತದೆ, ಅದರಲ್ಲೂ ಒಳಗೆ ಸಲ್ಯೂಷನ್ ಬಳಿದು ಅಂಟಿಸಿದ ಚರ್ಮವಂತೂ ಬಿಡುವುದೇ ಇಲ್ಲ. ಪಾದ ಸಡಿಲ ಇದ್ದರೆ ಸೂಜಿ ಮೇಲೇಳುವಾಗ ಚರ್ಮವೂ ಜೊತೆಗೇ ಎದ್ದುಬರುತ್ತದೆ. ಚರ್ಮ ಎದ್ದರೆ ದಾರ ಇರುಕಿಕೊಳ್ಳುವುದೆಲ್ಲಿ? ಕುಣಿಕೆ ಇಲ್ಲ, ಹೊಲಿಗೆ ಇಲ್ಲ. ಕಣ್ಣನ್ನು ಪಾದದ ಮಟ್ಟಕ್ಕೆ ತಂದು ಚಕ್ರ ತಿರುಗಿಸಿ ನೋಡಿ, ಚರ್ಮ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡುತ್ತಿದ್ದರೆ ಮೇಲಿನ ಒತ್ತಡದ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿ. ಎಷ್ಟೋ ಸಲ ಅಷ್ಟೇ ರಿಪೇರಿ. ಅದಕ್ಕೆ ದುಡ್ಡು ಕೇಳಲು ನನಗೇ ನಾಚಿಕೆ, ಟೀ ಕುಡಿಸಿ ಅನ್ನುತ್ತೇನೆ.

ಟೆನ್ಷನ್, ಅಂದರೆ ದಾರದ ಬಿಗಿ, ಅದರ ಬಗ್ಗೆ ಎರಡೇ ಮಾತು. ಕೆಳಗೆ ದಾರ ಗೊಂಚಲು ಕಟ್ಟಿದರೆ ತಪ್ಪು ಮೇಲಿನದು, ದಾರ ಅದನ್ನು ಬಿಗಿ ಹಿಡಿಯುವ ಪುಟ್ಟ ತಟ್ಟೆಗಳ ನಡುವೆ ಸರಿಯಾಗಿ ಕೂತಿಲ್ಲ ಅಥವಾ ತಟ್ಟೆಗಳ ಮಧ್ಯೆ ಕಸ ಇದೆ. ಜನ ಗೊಂಚಲು ಕಂಡ ಕಡೆಯೇ ಕೈ ಹಾಕಿ ಕೆಳಗಿನ ದಾರ ಸುತ್ತಿದ ಬಾಬಿನ್ ಬಿಗಿ ಮಾಡುತ್ತಾರೆ, ಆಮೇಲೆ ಎರಡೂ ಕೆಡುತ್ತದೆ.

ಇಷ್ಟೆಲ್ಲ ನೋಡಿ ಆದಮೇಲೂ ಎಗರುತ್ತಿದ್ದರೆ, ಆಗ ಸವೆತ. ಹಳೇ ಮಿಷನ್ನಿನ ನಿಜವಾದ ಕಾಯಿಲೆ ಇದೇ. ಎರಕದ ಕಬ್ಬಿಣ ಮುರಿಯುವುದು ಅಪರೂಪ, ಬಿದ್ದರೆ ಮಾತ್ರ. ಸವೆಯುವುದು ಕೀಲುಗಳು, ಅದೂ ಕೂದಲೆಳೆಯಷ್ಟು ಕೂದಲೆಳೆಯಷ್ಟು. ಒಂದೊಂದು ಕೀಲನ್ನೂ ಬಿಡಿಯಾಗಿ ಅಲ್ಲಾಡಿಸಿ ನೋಡಿದರೆ "ಇಷ್ಟು ಆಟ ಇದ್ದೇ ಇರುತ್ತೆ ಬಿಡಿ" ಅನ್ನುವಷ್ಟೇ ಇರುತ್ತದೆ. ಆದರೆ ಚಕ್ರದಿಂದ ಶಟಲ್ಲಿನವರೆಗೆ ಸಾಲಾಗಿ ಐದಾರು ಕೀಲು. ಒಂದೊಂದರಲ್ಲಿ 0.2 ಮಿ.ಮೀ. ಕಳೆದುಹೋದರೆ ಕೊನೆಗೆ ಒಂದು ಮಿ.ಮೀ. ಅಥವಾ ಇನ್ನೂ ಹೆಚ್ಚು ಲೇಟು. ಸೂಜಿ ಎರಡು ಮಿ.ಮೀ. ಏಳುವಷ್ಟರೊಳಗೆ ಆಗಬೇಕಾದ ಕೆಲಸಕ್ಕೆ ಒಂದು ಮಿ.ಮೀ. ಲೇಟು ಅಂದರೆ ಮುಹೂರ್ತ ಮೀರಿದ ಹಾಗೇ.

29ಕೆ ಒಳಗೆ ಈ ಸವೆತ ಕೂರುವ ಜಾಗ ಎರಡು. ಮೊದಲನೆಯದು ತೋಳಿನೊಳಗೆ. ತೋಳಿನ ಉದ್ದಕ್ಕೆ ಒಂದು ಹಲ್ಲಿನ ಪಟ್ಟಿ ಹಿಂದಕ್ಕೂ ಮುಂದಕ್ಕೂ ಓಡುತ್ತದೆ, ತುದಿಯಲ್ಲಿ ಪುಟ್ಟ ಹಲ್ಲಿನ ಚಕ್ರ ಅದಕ್ಕೆ ಕಚ್ಚಿಕೊಂಡು ಶಟಲ್ಲನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ಆಡಿಸುತ್ತದೆ. ಪಟ್ಟಿಯ ಅವವೇ ಹಲ್ಲುಗಳು ದಿನವಿಡೀ ಉಜ್ಜುತ್ತವೆ, ಚೂಪಾಗುತ್ತವೆ, ಸಂದು ಬೀಳುತ್ತದೆ. ನೋಡುವುದು ಹೀಗೆ: ಶಟಲ್ ಮುಚ್ಚಳ ತೆಗೆದು, ಚಕ್ರ ಅಲ್ಲಾಡದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳ ತುದಿಯಿಂದ ಶಟಲ್ ಇರುವ ಬಟ್ಟಲನ್ನು ತಿರುಗಿಸಿ ನೋಡಿ. ಟಿಕ್ ಟಿಕ್ ಅಂತ ಆಡಿದರೆ ಅದೇ ಲೇಟು. ಹಲ್ಲಿನ ಚಕ್ರ, ಪಟ್ಟಿ ಎರಡೂ ಲೂಧಿಯಾನದಲ್ಲಿ ತಯಾರಾಗುತ್ತವೆ. ಹೊಲಿಗೆ ಮಿಷನ್ ಬಿಡಿಭಾಗಕ್ಕೆ ಇಡೀ ದೇಶಕ್ಕೆ ಆ ಊರೇ ಗತಿ. ಬಂದ ಹಾಗೇ ಹಾಕಬೇಡಿ, ಅಂಚುಗಳಲ್ಲಿ ಮುಳ್ಳಿದ್ದರೆ ನಯವಾದ ಎಮರಿ ಹಾಳೆಯಲ್ಲಿ ಉಜ್ಜಿ. ಶಟಲ್ಲಿನ ಕೊಕ್ಕನ್ನಂತೂ ಉಗುರಿನ ಮೇಲೆ ಎಳೆದು ನೋಡಿ. ಉಗುರು ಕೆರೆದರೆ ದಾರವನ್ನೂ ಕೆರೆಯುತ್ತದೆ.

ದುಡ್ಡಿಲ್ಲ, ನಾಳೆಯೇ ಕೆಲಸ ಆಗಬೇಕು ಅನ್ನುವ ಗಿರಾಕಿಗೆ ಮಾತ್ರ ಇಲ್ಲಿ ಟೈಮಿಂಗ್ ಮುಟ್ಟುತ್ತೇನೆ. ಲೇಟಾದಷ್ಟನ್ನು ಮುಂದಕ್ಕೆ ತಂದರೆ ಒಂದಷ್ಟು ತಿಂಗಳು ನಡೆಯುತ್ತದೆ. ಅದು ಗೋಡೆ ಬಿರುಕಿಗೆ ಸುಣ್ಣ ಬಳಿದ ಹಾಗೆ ಅಂತ ಅವರಿಗೂ ಹೇಳಿಯೇ ಮಾಡುತ್ತೇನೆ.

ಎರಡನೆಯ ಜಾಗ ತಲೆಯಲ್ಲಿ. 29ಕೆಯಲ್ಲಿ ಚರ್ಮವನ್ನು ಮುಂದೆ ತಳ್ಳುವುದು ಕೆಳಗಿನ ಹಲ್ಲಲ್ಲ, ಮೇಲಿನ ಪಾದವೇ ಎತ್ತಿ ಹೆಜ್ಜೆಯಿಡುತ್ತದೆ. ಆ ಹೆಜ್ಜೆಯನ್ನು ಕೊಡುವುದು ಬೆಲ್ ಕ್ರ್ಯಾಂಕ್ ಅನ್ನುವ ಮೊಣಕೈ ಆಕಾರದ ಸನ್ನೆ. ಅದರ ಮೂತಿ ಸವೆದರೆ ಹೆಜ್ಜೆ ಗಿಡ್ಡವಾಗುತ್ತದೆ. "ಉದ್ದ ಹೊಲಿಗೆಗೆ ಇಟ್ಟರೂ ಸಣ್ಣ ಹೊಲಿಗೆ ಬೀಳುತ್ತೆ" ಅಂದರೆ ಇದೇ. ಪರೀಕ್ಷೆಗೆ ದಾರ ಬೇಡ. ಮದುವೆ ಕಾಗದದಂಥ ಗಟ್ಟಿ ಕಾಗದ ಪಾದದಡಿ ಇಟ್ಟು, ಹೊಲಿಗೆಯನ್ನು ಪೂರ್ತಿ ಉದ್ದಕ್ಕೆ ಇಟ್ಟು, ಹಿಡಿ ಹಿಡಿದು ಸುತ್ತಿ. ಸೂಜಿ ಕೊರೆದ ತೂತುಗಳ ಪಕ್ಕ ಸ್ಕೇಲ್ ಇಟ್ಟು ಒಂದು ಇಂಚಿಗೆ ಎಷ್ಟು ಅಂತ ಎಣಿಸಿ. ಸುಮಾರು ಐದು ಇದ್ದರೆ ಮಿಷನ್ ಯೌವನದಲ್ಲಿದೆ. ಎಂಟು, ಒಂಬತ್ತು ಆದರೆ ಮೂತಿ ಸವೆದಿದೆ. ಚರ್ಮಕ್ಕೆ ತೂತುಗಳು ಒತ್ತೊತ್ತಾಗಿ ಬಿದ್ದರೆ ಅಂಚೆಚೀಟಿಯ ಅಂಚಿನ ಹಾಗಾಗಿ, ಎಳೆದಾಗ ಆ ಗೆರೆಯಲ್ಲೇ ಹರಿಯುತ್ತದೆ. ಹಾಗಾಗಿ ಇದು ಬರೀ ಅಂದದ ಪ್ರಶ್ನೆ ಆಗಿ ಉಳಿಯುವುದಿಲ್ಲ. ಸನ್ನೆಯನ್ನು ಬಿಚ್ಚಿ, ಸವೆದ ಕಡೆ ಹಿತ್ತಾಳೆ ಬೆಸುಗೆ ತುಂಬಿಸಿ, ಅರದಲ್ಲಿ ಉಜ್ಜಿ ಮೊದಲಿನ ಆಕಾರಕ್ಕೆ ತಂದರೆ ಹೆಜ್ಜೆ ವಾಪಸ್ ಬರುತ್ತದೆ. ಒಂದೇ ಸಲ ಜಾಸ್ತಿ ಉಜ್ಜಬೇಡಿ. ಉಜ್ಜಿ, ಜೋಡಿಸಿ, ಕಾಗದ ಕೊರೆದು, ಮತ್ತೆ ಬಿಚ್ಚಿ. ನನಗೆ ಒಂದು ಮಧ್ಯಾಹ್ನ ಬೇಕು, ಹೊಸ ಕೈಗೆ ಎರಡು ದಿನ. ರಿಪೇರಿ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ನಾಲ್ಕು ಸಲ ಕೊರೆದ ಕಾಗದಗಳನ್ನು ಒಂದರ ಕೆಳಗೊಂದು ಇಟ್ಟರೆ ತೂತುಗಳು ದೂರ ದೂರ ಸರಿಯುವುದು ಕಾಣುತ್ತದೆ.

ಅದೇ ತಲೆಯಲ್ಲಿ ದಾರ ಪೋಣಿಸುವುದೂ ಒಂದು ಸರ್ಕಸ್ಸು. ದಾರ ಮೇಲಿನಿಂದ ತಲೆಯ ಒಳಗೇ ಇಳಿಯಬೇಕು, ಅದಕ್ಕೆ ತುದಿಯಲ್ಲಿ ಕೊಂಡಿ ಇರುವ ಉದ್ದ ತಂತಿ ಬೇಕು. ಮಿಷನ್ ಜೊತೆ ಬಂದ ತಂತಿ ಯಾರ ಮನೆಯಲ್ಲೂ ಉಳಿದಿರುವುದಿಲ್ಲ. ಸೈಕಲ್ ಬ್ರೇಕ್ ಕೇಬಲ್ಲಿನ ಒಂದು ಎಳೆ ಬಿಚ್ಚಿ, ತುದಿ ಮಡಿಸಿದರೆ ಅದೇ ಆಯಿತು.

ಕೂತುಬಿಟ್ಟ ಮಿಷನ್, ಅಂದರೆ ಚಕ್ರ ಅಲ್ಲಾಡದ್ದು, ನೋಡಲು ಭಯ ಹುಟ್ಟಿಸುತ್ತದೆ, ಆದರೆ ಹೆಚ್ಚಿನ ಸಲ ಅದು ಸುಲಭದ ಕೇಸು. ತುಕ್ಕಿಗಿಂತ ಹಳೇ ಎಣ್ಣೆ ದೊಡ್ಡ ಶತ್ರು. ನಮ್ಮ ಕಡೆ ಮನೆಯಲ್ಲಿರುವ ಎಣ್ಣೆಯನ್ನೇ ಮಿಷನ್ನಿಗೂ ಬಿಡುವ ಅಭ್ಯಾಸ. ಕಡಲೆಕಾಯಿ ಎಣ್ಣೆ ಗಾಳಿಗೆ ಅಂಟಾಗಿ, ವಾರ್ನಿಷ್ ಬಳಿದಂತೆ ಕೀಲಿನೊಳಗೆ ಕೂರುತ್ತದೆ. ಕೊಬ್ಬರಿ ಎಣ್ಣೆಯದು ಇನ್ನೂ ತಮಾಷೆ. ಮತ್ತಿಗಿರಿಯಿಂದ ಒಬ್ಬರು ಡಿಸೆಂಬರಿನಲ್ಲಿ ಫೋನ್ ಮಾಡುತ್ತಿದ್ದರು: "ಬೆಳಗ್ಗೆ ಮಿಷನ್ ತಿರುಗಲ್ಲ ಅಣ್ಣ, ಮಧ್ಯಾಹ್ನ ತಾನಾಗೇ ಸರಿ ಹೋಗುತ್ತೆ, ಏನೋ ಗಾಳಿ ಇರಬೇಕು." ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹೊಸೂರಿನ ಚಳಿಗಾಲದ ಬೆಳಗು 15-16ಕ್ಕೆ ಇಳಿಯುತ್ತದೆ. ಸ್ನಾನದ ಮನೆಯ ಬಾಟ್ಲಿಯಲ್ಲಿ ಗಟ್ಟಿಯಾಗುವುದು ಕೀಲಿನಲ್ಲೂ ಗಟ್ಟಿಯಾಗುತ್ತದೆ. ಗಾಳಿ ಬಿಡಿಸಲು ಮಂತ್ರಿಸಿದ ನಿಂಬೆಹಣ್ಣು ಅದಾಗಲೇ ಚಕ್ರಕ್ಕೆ ಕಟ್ಟಿತ್ತು. ನಾನು ಅದನ್ನು ಬಿಚ್ಚಲಿಲ್ಲ, ಎಣ್ಣೆ ಮಾತ್ರ ಬದಲಾಯಿಸಿದೆ. ಹೊಲಿಗೆ ಮಿಷನ್ನಿಗೆಂದೇ ಮಾರುವ ತೆಳುವಾದ ಬಿಳಿ ಮಿನರಲ್ ಎಣ್ಣೆ ಬಿಟ್ಟು ಬೇರೆ ಯಾವುದೂ ಬೇಡ, ಬೈಕಿನ ಎಂಜಿನ್ ಆಯಿಲ್ ಕೂಡ.

ಕೂತದ್ದನ್ನು ಬಿಡಿಸಲು ಸೀಮೆಎಣ್ಣೆ ಒಳ್ಳೆಯದು, ಅದು ಸಿಗದಿದ್ದರೆ ಡೀಸೆಲ್. ಪ್ರತಿ ಎಣ್ಣೆ ತೂತಿಗೂ, ಪ್ರತಿ ಕೀಲಿಗೂ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ಚಕ್ರವನ್ನು ಬಲವಾಗಿ ತಿರುಗಿಸಬೇಡಿ, ತೊಟ್ಟಿಲು ತೂಗಿದಂತೆ ಆ ಕಡೆ ಈ ಕಡೆ ಒಂದಿಷ್ಟೇ ಆಡಿಸಿ. ಆಡಿದಷ್ಟು ಎಣ್ಣೆ ಒಳಗಿಳಿಯುತ್ತದೆ, ಇಳಿದಷ್ಟು ಆಡುತ್ತದೆ. ಹಠ ಮಾಡುವ ಕೀಲಿಗೆ ಬಿಸಿಗಾಳಿ ಊದಿ. ಗ್ಯಾಸ್ ಬೆಂಕಿ ಹಿಡಿದರೆ ಮೈಬಣ್ಣ ಬೆಂದು ಹೋಗುತ್ತದೆ. ಇನ್ನೊಂದು ಎಚ್ಚರಿಕೆ, ಹಳೇ ಸಿಂಗರ್ ಮೈಮೇಲಿನ ಬಂಗಾರದ ಬಣ್ಣದ ಚಿತ್ತಾರದ ಮೇಲೆ ತೆಳುವಾದ ಮೇಲ್ಲೇಪ ಇರುತ್ತದೆ. ಸ್ಪಿರಿಟ್, ಥಿನ್ನರ್ ತಗುಲಿದರೆ ಅದು ಕರಗಿ, ಚಿತ್ತಾರ ಬಟ್ಟೆಗೆ ಬಂದುಬಿಡುತ್ತದೆ. ಹೊಸ ಬಣ್ಣ ಬಳಿದು ಮಿರಮಿರ ಮಾಡಿಟ್ಟ ಹಳೇ ಮಿಷನ್ ಕಂಡರೆ ನನಗೆ ಅನುಮಾನವೇ. ಬಣ್ಣದ ಖರ್ಚು ಕೀಲಿಗೆ ಹಾಕಿದ್ದರೆ ಅಂತ ಅನ್ನಿಸುತ್ತದೆ.

ಸ್ಕ್ರೂಗಳ ವಿಷಯ. ಸಿಂಗರ್ ತನ್ನದೇ ಲೆಕ್ಕದ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಕೊರೆಯುತ್ತಿತ್ತು, ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಕೂರುವುದಿಲ್ಲ. ಕೂರಿಸಲು ಹೊಸ ಮರೆ ಕೊರೆಯುವ ಟ್ಯಾಪ್ ಓಡಿಸಿದರೆ ಆ ತೂತು ಖಾಯಂ ಹಾಳು. ಸ್ಕ್ರೂಡ್ರೈವರ್ ತುದಿಯನ್ನು ಸಾಣೆಗೆ ಕೊಟ್ಟು ಸ್ಕ್ರೂವಿನ ಸೀಳಿಗೆ ಸರಿಯಾಗಿ ತುಂಬುವಂತೆ ಮಾಡಿಕೊಂಡ ಮೇಲೇ ಕೈ ಹಾಕಿ. ನನ್ನ ಹತ್ತಿರ ಹೀಗೆ ಹನ್ನೊಂದು ಇವೆ, ಒಂದನ್ನೂ ಬೇರೆ ಕೆಲಸಕ್ಕೆ ಕೊಡುವುದಿಲ್ಲ. ಮನೆಯವರಿಗೆ ಪೆಟ್ಟಿಗೆ ಮುಚ್ಚಳ ತೆಗೆಯಲು ಬೇರೆ ಇದೆ.

ಅಳಲೆಕಾಯಿ, ತೊಗಟೆಯಲ್ಲಿ ಹದ ಮಾಡಿದ ಚರ್ಮವನ್ನು ರಾತ್ರಿಯಿಡೀ ಪಾದದಡಿ ಬಿಡಬೇಡಿ. ಹಿಂದೆ ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಮಸಿ ನಿಮ್ಮ ಚರ್ಮದ ಮೇಲೂ ತಯಾರಾಗುತ್ತದೆ. ಚರ್ಮ ಸ್ವಲ್ಪ ಒದ್ದೆ ಇದ್ದರೆ ಸಾಕು, ಬೆಳಗ್ಗೆ ಪಾದದ ಆಕಾರದ ಕಪ್ಪು ಕಲೆ, ತಟ್ಟೆಯ ಮೇಲೆ ತುಕ್ಕು.

ಮೋಟಾರಿನ ಆಸೆ ಎಲ್ಲರಿಗೂ. 29ಕೆಗೆ ಮೋಟಾರ್ ಬೇಡ ಅಂತ ನನ್ನ ಖಡಾಖಂಡಿತ ಮಾತು. ಅದು ಒಂದೊಂದೇ ಹೊಲಿಗೆ ಹಾಕುವ ರಿಪೇರಿ ಮಿಷನ್, ಹಲ್ಲಿನ ಪಟ್ಟಿಯನ್ನು ಓಡಿಸಿದಷ್ಟೂ ಸವೆಸುತ್ತೀರಿ. ದಪ್ಪ ಬೆಲ್ಟಿಗೂ ಅದು ಸಲ್ಲದು. ಫಾಫ್, ಜೂಕಿಗೆ ಮೋಟಾರ್ ಬೇಕು, ಆದರೆ ಫ್ಯಾಕ್ಟರಿಯ ವೇಗ ಬೇಡ. ಲೆಕ್ಕ ಸುಲಭ: ಮೋಟಾರಿನ ಸುತ್ತನ್ನು ಅದರ ಪುಲ್ಲಿಯ ವ್ಯಾಸದಿಂದ ಗುಣಿಸಿ, ಮಿಷನ್ ಚಕ್ರದ ವ್ಯಾಸದಿಂದ ಭಾಗಿಸಿ. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 50 ಮಿ.ಮೀ. ಪುಲ್ಲಿ, ಮಿಷನ್ನಿಗೆ 200 ಮಿ.ಮೀ. ಚಕ್ರ ಇದ್ದರೆ ನಿಮಿಷಕ್ಕೆ 360 ಹೊಲಿಗೆ, ಸೆಕೆಂಡಿಗೆ ಆರು. ಚರ್ಮಕ್ಕೆ ಅದೇ ಜಾಸ್ತಿ. 2880ರ ಮೋಟಾರ್ ಹಾಕಿದರೆ ಸೆಕೆಂಡಿಗೆ ಹನ್ನೆರಡು, ಮೂಲೆ ತಿರುಗಿಸುವಷ್ಟರಲ್ಲಿ ಮೂರು ತೂತು ಆಚೆ ಬಿದ್ದಿರುತ್ತದೆ. ಈಗ ಬರುವ ಸರ್ವೋ ಮೋಟಾರುಗಳಲ್ಲಿ ವೇಗ ಇಳಿಸಬಹುದು, ಆದರೆ ತೀರಾ ನಿಧಾನದಲ್ಲಿ ಅವಕ್ಕೆ ತ್ರಾಣ ಕಡಿಮೆ, ದಪ್ಪ ಚರ್ಮದಲ್ಲಿ ಸೂಜಿ ಅರ್ಧಕ್ಕೆ ನಿಲ್ಲುತ್ತದೆ. ನಡುವೆ ಇನ್ನೊಂದು ಜೋಡಿ ಪುಲ್ಲಿ ಹಾಕಿ ಮೂರಕ್ಕೆ ಒಂದು ಇಳಿಸಿದರೆ ವೇಗ ಇಳಿದಷ್ಟೇ ತ್ರಾಣವೂ ಬರುತ್ತದೆ.

ನಿಜವಾಗಿಯೂ ಟೈಮಿಂಗ್ ತಪ್ಪಿದ ಮಿಷನ್ನುಗಳೂ ಇವೆ, ಇಲ್ಲ ಅನ್ನುವುದಿಲ್ಲ. ದಾರ ಸಿಕ್ಕಿಕೊಂಡು ಜಾಮ್ ಆದಾಗ ಯಾರೋ ಬಲವಂತವಾಗಿ ಚಕ್ರ ತಿರುಗಿಸಿರುತ್ತಾರೆ, ಹುಕ್ ಜಾರಿರುತ್ತದೆ. ಅಥವಾ ನನ್ನಂಥವನೊಬ್ಬ ಮುಂಚೆ ಬಿಚ್ಚಿರುತ್ತಾನೆ. ಸ್ಕ್ರೂ ತಲೆಯ ಸೀಳು ಹೊಸದಾಗಿ ಹೊಳೆಯುತ್ತಿದ್ದರೆ ಎರಡನೆಯದು. ಆಗಲೂ ಬಿಚ್ಚುವ ಮುಂಚೆ ಹುಕ್ಕು ಮತ್ತು ಅದರ ದಂಡದ ಮೇಲೆ ಚೂಪು ಮೊಳೆಯಿಂದ ಒಂದು ಗೀರು ಹಾಕಿಕೊಳ್ಳಿ. ಏನೂ ಸರಿಹೋಗದಿದ್ದರೆ ಕನಿಷ್ಠ ಮೊದಲಿದ್ದ ಜಾಗಕ್ಕಾದರೂ ಮರಳಬಹುದು.

ಡೆಂಕಣಿಕೋಟೆಯ ಆ ಫಾಫ್ ಈಗಲೂ ನಡೆಯುತ್ತಿದೆ. ವರ್ಷಕ್ಕೊಮ್ಮೆ ಹೊಸೂರಿನ ಚಂದ್ರಚೂಡೇಶ್ವರನ ತೇರಿನ ಮುಂಚೆ ಅವರಿಗೆ ಗೆಜ್ಜೆಪಟ್ಟಿಯ ಆರ್ಡರ್ ಜಾಸ್ತಿ, ಆಗ ಎಣ್ಣೆ ಬಿಡಿಸಿಕೊಳ್ಳಲು ಕರೆಯುತ್ತಾರೆ. ಅದರ ಹಲಗೆಯ ಕೆಳಗೆ, ಮಂಡಿಯೂರಿ ನೋಡಿದರೆ ಕಾಣುವಂತೆ, ಬಿಳಿ ಪೇಂಟಿನಲ್ಲಿ ನಾನೇ ಬರೆದಿದ್ದೇನೆ: 134-35, 140. ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ನೇತು ಹಾಕಿದೆ, ಅದರಲ್ಲಿ ಹತ್ತು ಸೂಜಿ. ಹೋದ ಸಲ ನೋಡಿದಾಗ ಎರಡೇ ಉಳಿದಿದ್ದವು.